ಉಳಿದಿರುವುದು ಕಠಿಣ ಪೊರೆ. ಪಳಗಿದ ಕೈಗಳು ಎಲ್ಲಿ?

ಸಾದಲಿ (ಶಿಡ್ಲಘಟ್ಟ ತಾಲ್ಲೂಕು): ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಈಗ ಸುದ್ದಿಯಾಗುವ ಸಂಗತಿಯಲ್ಲ. ಉಚಿತ ನೇತ್ರ ತಪಾಸಣಾ ಶಿಬಿರದ ಕರಪತ್ರಗಳು ಹಳ್ಳಿ ಹಳ್ಳಿಯ ಗೋಡೆಗಳಲ್ಲಿ ಕಾಣಿಸುತ್ತವೆ. ವಾಹನ ಬರುತ್ತದೆ, ವೃದ್ಧರನ್ನು ಕರೆದೊಯ್ಯುತ್ತದೆ, ಒಂದೆರಡು ದಿನಗಳಲ್ಲಿ ಕಪ್ಪು ಕನ್ನಡಕ ಹಾಕಿಸಿ ಮರಳಿ ಬಿಡುತ್ತದೆ. ವರ್ಷಾಂತ್ಯದಲ್ಲಿ ಇಲಾಖೆ ಗುರಿ ಮತ್ತು ಸಾಧನೆಯ ಪಟ್ಟಿ ಪ್ರಕಟಿಸುತ್ತದೆ. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಸಾಗಿದೆ.

ಆದರೆ ಈ ಪಟ್ಟಿಯಲ್ಲಿ ಕಾಣದ ಒಂದು ವರ್ಗವಿದೆ. ತಪಾಸಣೆಯಲ್ಲಿ ಪೊರೆ ಪತ್ತೆಯಾದರೂ 'ಇಲ್ಲಿ ಆಗುವುದಿಲ್ಲ, ಬೆಂಗಳೂರಿಗೆ ಹೋಗಿ' ಎಂಬ ಚೀಟಿ ಹಿಡಿದು ಮನೆಗೆ ಮರಳುವವರ ವರ್ಗ ಅದು. ಇವರಲ್ಲಿ ಕೆಲವರ ಪೊರೆ ಬಲಿತು ಕಲ್ಲಿನಂತಾಗಿರುತ್ತದೆ. ಕೆಲವರ ಕಣ್ಣಿಗೆ ಹಿಂದೆಂದೋ ಪೆಟ್ಟು ಬಿದ್ದಿರುತ್ತದೆ. ಇನ್ನು ಕೆಲವರಿಗೆ ಸಕ್ಕರೆ ಕಾಯಿಲೆಯೋ ಗ್ಲಾಕೋಮಾವೋ ಜೊತೆಗೂಡಿರುತ್ತದೆ. ಸರಳ ಪೊರೆಗಳನ್ನು ತೆಗೆಯುವ ವ್ಯವಸ್ಥೆಯನ್ನು ರಾಜ್ಯ ಕಳೆದ ಮೂರು ದಶಕಗಳಲ್ಲಿ ಕಟ್ಟಿಕೊಂಡಿದೆ. ಕಠಿಣ ಪೊರೆಗಳನ್ನು ತೆಗೆಯಬಲ್ಲ ಕೈಗಳನ್ನು ಜಿಲ್ಲೆಗಳಲ್ಲಿ ತಯಾರು ಮಾಡುವ ಕೆಲಸ ಮಾತ್ರ ಹಿಂದುಳಿದಿದೆ. ನೇತ್ರ ಶಸ್ತ್ರಚಿಕಿತ್ಸಕರ ಉನ್ನತ ತರಬೇತಿಯ ಪ್ರಶ್ನೆ ವೈದ್ಯರ ವೃತ್ತಿಗೆ ಸೀಮಿತವಾದುದಲ್ಲ, ಸಾದಲಿಯಂತಹ ಹೋಬಳಿಗಳ ಪ್ರಶ್ನೆಯೂ ಹೌದು ಎನ್ನಲು ಕಾರಣ ಇದೇ.

ಅಂಕಿ ಅಂಶಗಳು ಹೇಳುವುದೇನು?

ದೇಶದಲ್ಲಿ ಅಂಧತ್ವ ನಿಯಂತ್ರಣ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಜನಸಂಖ್ಯೆಯಲ್ಲಿ ಶೇ 1.4ರಷ್ಟಿದ್ದ ಅಂಧತ್ವವನ್ನು ಶೇ 0.3ಕ್ಕೆ ಇಳಿಸುವುದು ಅದರ ಘೋಷಿತ ಗುರಿಯಾಗಿತ್ತು. 2006-07ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 1 ಎಂದು ಅಂದಾಜಿಸಲಾಯಿತು. 2015ರಿಂದ 2019ರ ಅವಧಿಯಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಅದನ್ನು ಶೇ 0.36 ಎಂದು ದಾಖಲಿಸಿತು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ನಡುವೆ ಅಂಧತ್ವದ ವ್ಯಾಖ್ಯೆಯೇ ಬದಲಾಗಿದೆ. ಹಿಂದೆ 6/60ಕ್ಕಿಂತ ಕಡಿಮೆ ದೃಷ್ಟಿಯನ್ನು ಅಂಧತ್ವವೆಂದು ಪರಿಗಣಿಸಲಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಕ್ಕೆ ಹೊಂದಿಸಿ 2017ರಲ್ಲಿ ಅದನ್ನು 3/60ಕ್ಕಿಂತ ಕಡಿಮೆ ಎಂದು ಬದಲಿಸಲಾಯಿತು. ಆದ್ದರಿಂದ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನೆಲ್ಲ ಸಾಧನೆಯ ಲೆಕ್ಕಕ್ಕೇ ಸೇರಿಸುವಂತಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಭಾಗ ಹೆಚ್ಚು ಗಮನಾರ್ಹ. 50 ವರ್ಷ ಮೀರಿದವರಲ್ಲಿ ಅಂಧತ್ವಕ್ಕೆ ಮೊದಲ ಕಾರಣ ಚಿಕಿತ್ಸೆ ದೊರೆಯದ ಪೊರೆ. ಅದರ ಪಾಲು ಶೇ 66.2. ಎರಡನೆಯದು ಶೇ 8.2ರ ಪಾಲಿನ ಕಾರ್ನಿಯಾದ ಮಚ್ಚೆ. ಮೂರನೆಯ ಕಾರಣ ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಉಂಟಾದ ತೊಡಕುಗಳು. ಅದರ ಪಾಲು ಶೇ 7.2. ಕಣ್ಣು ಕಾಣಲೆಂದು ಶಸ್ತ್ರಚಿಕಿತ್ಸೆಗೆ ಒಳಗಾದವರೇ ಅಂಧರ ಪಟ್ಟಿಗೆ ಸೇರಿದ್ದಾರೆ ಎಂಬುದು ಇದರ ಅರ್ಥ. ಗ್ಲಾಕೋಮಾಕ್ಕಿಂತಲೂ ಈ ಪ್ರಮಾಣ ಅಧಿಕ.

ಎಷ್ಟು ಶಸ್ತ್ರಚಿಕಿತ್ಸೆ ನಡೆಯಿತು ಎಂಬುದಷ್ಟೇ ಸಾಲದು, ಎಷ್ಟು ಕಣ್ಣುಗಳಿಗೆ ದೃಷ್ಟಿ ಬಂತು ಎಂಬ ಲೆಕ್ಕವೂ ಬೇಕು ಎಂಬ ಮಾತು ಜಾಗತಿಕ ಮಟ್ಟದಲ್ಲಿ ಬಲಗೊಂಡದ್ದು ಇದೇ ಹಿನ್ನೆಲೆಯಲ್ಲಿ. 2021ರ ವಿಶ್ವ ಆರೋಗ್ಯ ಸಭೆಯು 'ಪರಿಣಾಮಕಾರಿ ಪೊರೆ ಶಸ್ತ್ರಚಿಕಿತ್ಸಾ ವ್ಯಾಪ್ತಿ' ಎಂಬ ಅಳತೆಗೋಲನ್ನು ಅಂಗೀಕರಿಸಿ, 2030ರೊಳಗೆ ಅದನ್ನು 30 ಶೇಕಡಾಂಶಗಳಷ್ಟು ಹೆಚ್ಚಿಸುವ ಗುರಿ ಇರಿಸಿಕೊಂಡಿತು. ಶಸ್ತ್ರಚಿಕಿತ್ಸೆ ಅಗತ್ಯವಿದ್ದವರಲ್ಲಿ ಎಷ್ಟು ಮಂದಿಗೆ ಅದು ದೊರೆತು, ಉತ್ತಮ ದೃಷ್ಟಿಯೂ ಬಂದಿದೆ ಎಂಬುದನ್ನು ಈ ಅಳತೆಗೋಲು ನೋಡುತ್ತದೆ.

ಯಾವುದು ಕಠಿಣ ಪೊರೆ?

ಕಣ್ಣಿನೊಳಗಿನ ಮಸೂರ ಪಾರದರ್ಶಕತೆ ಕಳೆದುಕೊಳ್ಳುವುದೇ ಪೊರೆ. ಶಸ್ತ್ರಚಿಕಿತ್ಸಕರು ಮಸೂರದ ತೆಳುಚೀಲದ ಮುಂಭಾಗವನ್ನು ವೃತ್ತಾಕಾರವಾಗಿ ತೆರೆದು, ಮಬ್ಬಾದ ತಿರುಳನ್ನು ಹೊರತೆಗೆದು, ಉಳಿದ ಚೀಲದೊಳಗೆ ಕೃತಕ ಮಸೂರವನ್ನು ಕೂರಿಸುತ್ತಾರೆ. ಆ ಚೀಲದ ಹಿಂಪದರ ಕೆಲವೇ ಮೈಕ್ರಾನ್ ದಪ್ಪದ್ದು. ತಲೆಗೂದಲಿನ ಹತ್ತನೇ ಒಂದು ಪಾಲಿಗಿಂತಲೂ ತೆಳುವಾದುದು. ಅದು ಹರಿಯದಂತೆ ಕೆಲಸ ಮುಗಿಸುವುದರಲ್ಲಿಯೇ ಈ ಶಸ್ತ್ರಚಿಕಿತ್ಸೆಯ ಕೌಶಲವೆಲ್ಲ ಅಡಗಿದೆ. ಅನುಭವಿ ಕೈಗಳಲ್ಲಿಯೂ ನೂರರಲ್ಲಿ ಒಂದೆರಡು ಬಾರಿ ಅದು ಹರಿಯುವುದುಂಟು.

ಸಾಮಾನ್ಯ ಪೊರೆಯಲ್ಲಿ ಈ ಕೆಲಸ ಹತ್ತು, ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ. ಕಠಿಣ ಪೊರೆಯ ಸಂಗತಿ ಬೇರೆ. ಪೊರೆ ಪೂರ್ತಿ ಬೆಳ್ಳಗಾಗಿದ್ದರೆ ಚೀಲದ ಅಂಚೇ ಕಾಣಿಸದು; ಟ್ರೈಪಾನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ಅದನ್ನು ಗುರುತಿಸಬೇಕಾಗುತ್ತದೆ. ಹಿಂದಿರುವ ಅಕ್ಷಿಪಟಲ ಆರೋಗ್ಯವಾಗಿದೆಯೇ ಎಂಬುದನ್ನು ಮೊದಲೇ ಅಲ್ಟ್ರಾಸೌಂಡ್ ಮೂಲಕ ತಿಳಿಯಬೇಕಾಗುತ್ತದೆ. ಪೊರೆ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ತಿರುಳು ಗಟ್ಟಿಯಾಗಿ, ಅದನ್ನು ಒಡೆಯುವ ಶಾಖಕ್ಕೆ ಕಾರ್ನಿಯಾ ಘಾಸಿಗೊಳ್ಳುವ ಅಪಾಯವಿರುತ್ತದೆ. ಪಾಪೆ ಹಿಗ್ಗದಿದ್ದರೆ ಸಣ್ಣ ಕೊಕ್ಕೆಗಳನ್ನೋ ಉಂಗುರವನ್ನೋ ಬಳಸಿ ಅದನ್ನು ಅಗಲಿಸಬೇಕು. ಮಸೂರವನ್ನು ಹಿಡಿದಿಟ್ಟ ನವಿರಾದ ಎಳೆಗಳು ಪೆಟ್ಟಿನಿಂದಲೋ ವಯಸ್ಸಿನಿಂದಲೋ ಸಡಿಲಗೊಂಡಿದ್ದರೆ ಚೀಲಕ್ಕೆ ಆಧಾರ ಉಂಗುರ ತೊಡಿಸಬೇಕು. ಚೀಲವೇ ಇಲ್ಲವಾದಾಗ ಕೃತಕ ಮಸೂರವನ್ನು ಕಣ್ಣಿನ ಬಿಳಿಗೋಡೆಗೆ ನಿಲ್ಲಿಸುವ ವಿಧಾನಗಳನ್ನು ಅನುಸರಿಸಬೇಕಾಗುತ್ತದೆ. ಇಂತಹ ವಿಧಾನಗಳಲ್ಲಿ ಒಂದಾದ 'ಅಂಟು ಮಸೂರ' ಪದ್ಧತಿಯನ್ನು 2007ರಲ್ಲಿ ರೂಪಿಸಿದವರು ಚೆನ್ನೈನ ಡಾ. ಅಮರ್ ಅಗರ್‌ವಾಲ್.

ಇಷ್ಟರ ನಡುವೆ ಹಿಂಪದರ ಹರಿದು ತಿರುಳಿನ ತುಣುಕು ಕಣ್ಣಿನ ಹಿಂಭಾಗಕ್ಕೆ ಜಾರಿದರೆ ಅಕ್ಷಿಪಟಲ ತಜ್ಞರ ನೆರವು ಬೇಕು. ಅಂತಹ ತಜ್ಞರು ಹೆಚ್ಚಾಗಿ ದೊರೆಯುವುದು ಮಹಾನಗರಗಳಲ್ಲಿ. ಜಿಲ್ಲಾ ಆಸ್ಪತ್ರೆಯ ವೈದ್ಯರೊಬ್ಬರು ಕಠಿಣ ಪ್ರಕರಣವನ್ನು ಮುಟ್ಟದೆ ಬೆಂಗಳೂರಿಗೆ ಕಳುಹಿಸಿದರೆ ಅದನ್ನು ಹೊಣೆಗೇಡಿತನ ಎನ್ನಲಾಗದು. ತನಗೆ ಕಲಿಸದ ಕೆಲಸವನ್ನು ಮಾಡಲು ಹೋಗಿ ಕಣ್ಣನ್ನೇ ಕೆಡಿಸುವುದಕ್ಕಿಂತ ಅದು ಲೇಸು. ಪ್ರಶ್ನೆ ಇರುವುದು ಅವರಿಗೆ ಅದನ್ನು ಏಕೆ ಕಲಿಸಿಲ್ಲ ಎಂಬುದರಲ್ಲಿ.

'ಹಣ್ಣಾಗಲಿ' ಎಂದು ಕಾದದ್ದರ ಫಲ

ಕಠಿಣ ಪೊರೆಗಳಲ್ಲಿ ಹೆಚ್ಚಿನವು ಹುಟ್ಟಾ ಕಠಿಣವಾದವಲ್ಲ, ಕಾಯಿಸಿ ಕಠಿಣವಾದವು. 'ಪೊರೆ ಇನ್ನೂ ಹಣ್ಣಾಗಿಲ್ಲ, ಬಲಿತ ಮೇಲೆ ಬನ್ನಿ' ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಒಂದು ಕಾಲಕ್ಕೆ ಅದು ವೈದ್ಯಕೀಯವಾಗಿ ಸರಿಯಾದ ಸಲಹೆಯೇ ಆಗಿತ್ತು. ಮಸೂರವನ್ನು ಇಡಿಯಾಗಿ ಹೊರತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದ ದಿನಗಳಲ್ಲಿ, ಅರ್ಧಂಬರ್ಧ ಕಾಣುವ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು. ಕೃತಕ ಮಸೂರ ಬಂದ ಮೇಲೆ ಆ ಸಲಹೆ ಅರ್ಥ ಕಳೆದುಕೊಂಡಿತು. ಈಗ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದೊಡನೆ ಪೊರೆ ತೆಗೆಸಿಕೊಳ್ಳುವುದೇ ಉಚಿತ. ತಡ ಮಾಡಿದಷ್ಟೂ ತಿರುಳು ಗಟ್ಟಿಯಾಗುತ್ತದೆ. ಅತಿಯಾಗಿ ಬಲಿತ ಪೊರೆ ಊದಿಕೊಂಡು ಅಥವಾ ಸೋರಿ, ಕಣ್ಣಿನ ಒತ್ತಡ ಏರಿಸಿ, ನರವನ್ನೇ ನಾಶ ಮಾಡುವುದೂ ಉಂಟು. ಆ ಹಂತ ತಲುಪಿದ ಕಣ್ಣಿಗೆ ಎಂತಹ ನಿಪುಣರೂ ಹಿಂದಿನ ದೃಷ್ಟಿ ತಂದುಕೊಡಲಾರರು.

ಸಲಹೆ ಬದಲಾಗಿದೆ, ಆದರೆ ಬದಲಾದ ಸಲಹೆ ಮನೆಮನೆಗೆ ತಲುಪಿಲ್ಲ. ಒಂದು ಕಣ್ಣು ಕಾಣುತ್ತಿರುವವರೆಗೂ ಇನ್ನೊಂದರ ಗೊಡವೆಗೆ ಹೋಗದವರು, ಸುಗ್ಗಿ ಮುಗಿಯಲಿ, ಹುಳು ಗೂಡು ಕಟ್ಟಲಿ, ಮಗಳ ಮದುವೆ ಆಗಲಿ ಎಂದು ಮುಂದೂಡುವವರು, ಜೊತೆಗೆ ಬರುವವರಿಲ್ಲದೆ ಮನೆಯಲ್ಲೇ ಉಳಿದ ವೃದ್ಧೆಯರು ಕೊನೆಗೆ ವೈದ್ಯರ ಮುಂದೆ ಕುಳಿತಾಗ ಪೊರೆ ಸರಳವಾಗಿ ಉಳಿದಿರುವುದಿಲ್ಲ.

ಸಾದಲಿಯಿಂದ ಚೀಟಿ ಹಿಡಿದು

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶಿಡ್ಲಘಟ್ಟ ರೇಷ್ಮೆಯ ಊರು. ರಾಜ್ಯದ ಪ್ರಮುಖ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹಣ್ಣಾದ ಹುಳುವನ್ನು ಗುರುತಿಸಿ ಚಂದ್ರಿಕೆಗೆ ಬಿಡುವುದು, ಕೆಟ್ಟ ಗೂಡನ್ನು ಬೇರ್ಪಡಿಸುವುದು, ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ನೂಲು ಬಿಚ್ಚುವುದು ಮೊದಲಾದ ಎಲ್ಲ ಕೆಲಸಗಳೂ ಕಣ್ಣನ್ನೇ ನೆಚ್ಚಿಕೊಂಡಿವೆ. ದೃಷ್ಟಿ ಮಸುಕಾದ ನೂಲು ಬಿಚ್ಚಾಣಿಕೆದಾರರು ಕೆಲಸದಿಂದ ಹೊರಬೀಳಲು ಪೂರ್ತಿ ಕುರುಡಾಗಬೇಕಿಲ್ಲ. ಸರ್ಕಾರದ ವ್ಯಾಖ್ಯೆಯಲ್ಲಿ ಅವರು ಅಂಧರಲ್ಲ, ಆದರೆ ಕೂಲಿ ನಿಂತಿರುತ್ತದೆ.

ಸಾದಲಿ ಹೋಬಳಿಯ ಹಳ್ಳಿಯೊಂದರಲ್ಲಿ ಕಠಿಣ ಪೊರೆಯಿರುವ ವ್ಯಕ್ತಿಯ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ಊರಿನ ತಪಾಸಣೆಯಿಂದ ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಚಿಕ್ಕಬಳ್ಳಾಪುರದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ. ಕೆಲವರು ಕೋಲಾರದ ಟಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯತ್ತ ಹೊರಳಬಹುದು. ಬಾಗೇಪಲ್ಲಿ, ಗೌರಿಬಿದನೂರು ಕಡೆಯವರಿಗೆ ಗಡಿಯಾಚೆಯ ಪುಟ್ಟಪರ್ತಿಯೂ ಹತ್ತಿರ. ಪ್ರತಿ ಹಂತದಲ್ಲಿಯೂ ಹೊಸ ಸರತಿ, ಹೊಸ ತಪಾಸಣೆ, ಜೊತೆಗೆ ಬರುವವರ ಒಂದು ದಿನದ ಕೂಲಿ. ಶಸ್ತ್ರಚಿಕಿತ್ಸೆ ಉಚಿತವಾದರೂ ಅದನ್ನು ತಲುಪುವ ಖರ್ಚು ಉಚಿತವಲ್ಲ. ಶಸ್ತ್ರಚಿಕಿತ್ಸೆಯ ಬಳಿಕದ ಮರುಭೇಟಿಗಳಿಗೂ ಇದೇ ದಾರಿಯನ್ನು ಮತ್ತೆ ತುಳಿಯಬೇಕು. ಕಠಿಣ ಪ್ರಕರಣಗಳಲ್ಲಿ ಮರುಭೇಟಿಗಳ ಸಂಖ್ಯೆಯೂ ಹೆಚ್ಚು.

ರಾಜ್ಯ ಸರ್ಕಾರ ಮನೆಮನೆಗೆ ತೆರಳಿ ಕಣ್ಣು ತಪಾಸಣೆ ನಡೆಸುವ 'ಆಶಾಕಿರಣ' ಯೋಜನೆಯನ್ನು ಜಾರಿಗೆ ತಂದಾಗ ಮೊದಲ ಹಂತದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಸೇರಿತ್ತು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ರಾಷ್ಟ್ರೀಯ ನೇತ್ರ ಜ್ಯೋತಿ ಅಭಿಯಾನವೂ ಬಾಕಿ ಉಳಿದ ಪೊರೆಗಳನ್ನು ತೆರವುಗೊಳಿಸುವ ಉದ್ದೇಶದ್ದು. ಇಂತಹ ತಪಾಸಣೆಗಳು ಸ್ವಾಗತಾರ್ಹ. ಆದರೆ ಅವುಗಳಿಂದ ಒಂದು ಅನಿವಾರ್ಯ ಪರಿಣಾಮವೂ ಉಂಟು. ಶಿಬಿರಕ್ಕೆ ತಾವಾಗಿ ನಡೆದುಬರುವವರು ಹೆಚ್ಚಾಗಿ ಸರಳ ಪೊರೆಯವರು. ಮನೆಬಾಗಿಲಿಗೇ ಹೋದಾಗ ಪತ್ತೆಯಾಗುವವರು ಬರಲಾಗದೆ ಉಳಿದವರು. ಅಂಥವರಲ್ಲಿ ಕಠಿಣ ಪ್ರಕರಣಗಳ ಪಾಲು ಹೆಚ್ಚಿರುವುದು ಸಹಜ. ತಪಾಸಣೆ ಎಷ್ಟು ಚೆನ್ನಾಗಿ ನಡೆಯುತ್ತದೆಯೋ ಉನ್ನತ ಕೌಶಲದ ಬೇಡಿಕೆ ಅಷ್ಟೇ ಏರುತ್ತದೆ. ಕೌಶಲ ಬೆಳೆಸದೆ ತಪಾಸಣೆ ಮಾತ್ರ ಹೆಚ್ಚಿಸಿದರೆ ಬೆಂಗಳೂರಿನ ಸರತಿ ಉದ್ದವಾಗುತ್ತದೆ.

ವೇಗದ ಯುಗದಿಂದ ನಿಖರತೆಯ ಯುಗಕ್ಕೆ

ಕರ್ನಾಟಕದ ನೇತ್ರ ಚಿಕಿತ್ಸೆಯ ಇತಿಹಾಸ ಸಣ್ಣದಲ್ಲ. ಮಿಂಟೋ ಆಸ್ಪತ್ರೆಯ ಮೂಲ 1896ರಷ್ಟು ಹಿಂದಿನದು. ಚಾಮರಾಜಪೇಟೆಯ ಈಗಿನ ಕಟ್ಟಡಕ್ಕೆ ಬಂದದ್ದು 1913ರಲ್ಲಿ. ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು 1940ರ ದಶಕದಿಂದಲೇ ಊರೂರು ಸುತ್ತಿ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ನಡೆಸಿದ ಅವರ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. 2005ರಲ್ಲಿ ನಿಧನರಾದ ಅವರ ಹೆಸರನ್ನು ಉತ್ತರ ಕರ್ನಾಟಕದ ಹಳ್ಳಿಗಳು ಇಂದಿಗೂ ನೆನೆಯುತ್ತವೆ. ಆಸ್ಪತ್ರೆಯೇ ಇಲ್ಲದ ನಾಡಿನಲ್ಲಿ ವೇಗವೇ ಕರುಣೆಯಾಗಿದ್ದ ಕಾಲ ಅದು.

ಅನಂತರದ ಬದಲಾವಣೆ ಸುಲಭವಾಗಿ ಆದುದಲ್ಲ. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ಕೃತಕ ಮಸೂರ ಅಳವಡಿಸಿದ್ದರೂ ಭಾರತದ ಬಡವರಿಗೆ ಅದು ಕೈಗೆಟುಕಿದ್ದು ನಾಲ್ಕು ದಶಕಗಳ ನಂತರ. ಮದುರೆಯ ಅರವಿಂದ ನೇತ್ರ ಆಸ್ಪತ್ರೆಯ ಅಂಗಸಂಸ್ಥೆ ಅರೋಲ್ಯಾಬ್ 1992ರಲ್ಲಿ ಮಸೂರಗಳನ್ನು ದೇಶದಲ್ಲಿಯೇ ತಯಾರಿಸತೊಡಗಿದ ಮೇಲೆ ಬೆಲೆ ಹಲವು ಪಟ್ಟು ಇಳಿಯಿತು. ಆದರೆ ಮಸೂರ ಅಗ್ಗವಾದ ಮಾತ್ರಕ್ಕೆ ಕಾರ್ಯ ಸಾಧಿಸಲಿಲ್ಲ. ಹಳೆಯ ವಿಧಾನದಲ್ಲಿ ಪಳಗಿದ್ದ ಒಂದು ತಲೆಮಾರಿನ ಶಸ್ತ್ರಚಿಕಿತ್ಸಕರಿಗೆ ಸೂಕ್ಷ್ಮದರ್ಶಕದಡಿ ಕೆಲಸ ಮಾಡುವುದನ್ನು ಹೊಸದಾಗಿ ಕಲಿಸಬೇಕಾಯಿತು. 1990ರ ದಶಕದಲ್ಲಿ ದೇಶ ಆ ತರಬೇತಿಗೆ ಹಣ, ಸಮಯ ಎರಡನ್ನೂ ವ್ಯಯಿಸಿತು. ವಿಶ್ವಬ್ಯಾಂಕ್ ನೆರವಿನ ಯೋಜನೆ ಏಳು ರಾಜ್ಯಗಳಲ್ಲಿ ಜಾರಿಯಾಯಿತು. ಕರ್ನಾಟಕ ಅವುಗಳಲ್ಲಿ ಇರಲಿಲ್ಲ. ಅಂದು ಇಡೀ ವೃತ್ತಿಯನ್ನೇ ಮರುತರಬೇತುಗೊಳಿಸಲು ಸಾಧ್ಯವಾಗಿದ್ದರೆ, ಇಂದು ಜಿಲ್ಲೆಗೆ ಒಬ್ಬಿಬ್ಬರನ್ನು ಕಠಿಣ ಪೊರೆಗೆ ಸಜ್ಜುಗೊಳಿಸುವುದು ಅಸಾಧ್ಯವೇನಲ್ಲ.

'ಉನ್ನತ ತರಬೇತಿ' ಎಂದರೆ ಯಾವುದು?

ಎಂ.ಎಸ್. ಸ್ನಾತಕೋತ್ತರ ಪದವಿಯ ಅವಧಿ ಮೂರು ವರ್ಷ. ಆ ಅವಧಿಯಲ್ಲಿ ವಿದ್ಯಾರ್ಥಿ ಸ್ವತಂತ್ರವಾಗಿ ಎಷ್ಟು ಶಸ್ತ್ರಚಿಕಿತ್ಸೆ ನಡೆಸುತ್ತಾನೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬಹಳ ಭಿನ್ನ. ಕೈ ಪಳಗದೆ ಪದವಿ ಪಡೆದವರು ಮತ್ತೆ ಒಂದೆರಡು ವರ್ಷ ಫೆಲೋಶಿಪ್‌ಗೆ ಸೇರುತ್ತಾರೆ. ಬೆಂಗಳೂರಿನ ದೊಡ್ಡ ನೇತ್ರ ಆಸ್ಪತ್ರೆಗಳು, ಮದುರೆಯ ಅರವಿಂದ, ಹೈದರಾಬಾದಿನ ಎಲ್.ವಿ. ಪ್ರಸಾದ್ ಮೊದಲಾದ ಸಂಸ್ಥೆಗಳು ಇಂತಹ ದೀರ್ಘ ಹಾಗೂ ಅಲ್ಪಾವಧಿ ತರಬೇತಿ ನೀಡುತ್ತವೆ. ಸರ್ಕಾರಿ ವೈದ್ಯರಿಗಾಗಿ ರಾಷ್ಟ್ರೀಯ ಕಾರ್ಯಕ್ರಮದಡಿಯೂ ಸೇವಾವಧಿ ತರಬೇತಿಗೆ ಅವಕಾಶವಿದೆ.

ಆದರೆ ನಗರದಲ್ಲಿ 'ಉನ್ನತ' ಎಂಬ ಮಾತಿಗೆ ಈಗ ಬೇರೊಂದು ಅರ್ಥ ಬಂದಿದೆ. ಕನ್ನಡಕವೇ ಬೇಡವೆನಿಸುವ ಬಹುಕೇಂದ್ರ ಮಸೂರ, ಲೇಸರ್ ನೆರವಿನ ಶಸ್ತ್ರಚಿಕಿತ್ಸೆ, ವಕ್ರತೆ ಸರಿಪಡಿಸುವ ಟೋರಿಕ್ ಮಸೂರ ಇತ್ಯಾದಿಗಳಿಗೆ ಮಾರುಕಟ್ಟೆಯಿದೆ. ಅವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವು ಸರಳ ಪೊರೆಯನ್ನು ಇನ್ನಷ್ಟು ಉತ್ತಮವಾಗಿ ನಿಭಾಯಿಸುವ ವಿದ್ಯೆಗಳು. ಸಾದಲಿಯ ಕಂದು ಪೊರೆಗೆ ಬೇಕಾದ ವಿದ್ಯೆ ಬೇರೆ. ಮೊದಲನೆಯದನ್ನು ಕಲಿತವರಿಗೆ ನಗರದಲ್ಲಿ ಗಳಿಕೆ ಇದೆ. ಎರಡನೆಯದನ್ನು ಕಲಿತವರಿಗೆ ಹೆಚ್ಚು ಸಮಯ, ಹೆಚ್ಚು ಅಪಾಯ ಹಾಗೂ ಅಷ್ಟೇ ಸಂಬಳ. ಉಚಿತ ಶಸ್ತ್ರಚಿಕಿತ್ಸೆಗೆ ಸ್ವಯಂಸೇವಾ ಸಂಸ್ಥೆಗಳಿಗೆ ದೊರೆಯುವ ಸರ್ಕಾರಿ ನೆರವು ಕೂಡ ತಲಾ ಇಂತಿಷ್ಟು ಎಂಬ ನಿಗದಿತ ದರದ್ದು. ಹತ್ತು ನಿಮಿಷದ ಪೊರೆ, ಒಂದು ಗಂಟೆಯ ಪೊರೆ ಎರಡಕ್ಕೂ ಲೆಕ್ಕದಲ್ಲಿ ಒಂದೇ ಅಂಕ. ಗುರಿಯ ಒತ್ತಡದಲ್ಲಿರುವವರು ಯಾವುದನ್ನು ಮೊದಲು ಆಯ್ದುಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಫೇಕೊ ಒಂದೇ ಮಾರ್ಗವಲ್ಲ

ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಪರಿಚಯಿಸಿದ ಫೇಕೊ ವಿಧಾನದಲ್ಲಿ ಶಬ್ದಾತೀತ ಕಂಪನಗಳಿಂದ ತಿರುಳನ್ನು ಪುಡಿಮಾಡಿ ಹೀರಿಕೊಳ್ಳಲಾಗುತ್ತದೆ. ಗಾಯ ಅತಿ ಚಿಕ್ಕದು, ಚೇತರಿಕೆ ಬೇಗ. ಆದ್ದರಿಂದ ಫೇಕೊ ಬರುವುದೇ ಉನ್ನತ ತರಬೇತಿ ಎಂಬ ಭಾವನೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ನೇಪಾಳದಲ್ಲಿ ಡಾ. ಸಂದುಕ್ ರುಯಿತ್ ಮತ್ತು ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಹೋಲಿಕೆ ಅಧ್ಯಯನದಲ್ಲಿ, ಹೊಲಿಗೆ ರಹಿತ ಸಣ್ಣ ಗಾಯದ ಕೈ ವಿಧಾನ ಮತ್ತು ಫೇಕೊ ಎರಡರ ಫಲಿತಾಂಶವೂ ಬಹುತೇಕ ಸಮನಾಗಿತ್ತು. ಆರು ತಿಂಗಳ ನಂತರ ಕನ್ನಡಕವಿಲ್ಲದೆ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಪಡೆದವರು ಕೈ ವಿಧಾನದಲ್ಲಿ ಶೇ 89, ಫೇಕೊದಲ್ಲಿ ಶೇ 85. ಶಸ್ತ್ರಚಿಕಿತ್ಸೆಯ ಸರಾಸರಿ ಅವಧಿ ಕ್ರಮವಾಗಿ 9 ಮತ್ತು 15.5 ನಿಮಿಷ. ವೆಚ್ಚದಲ್ಲಿಯೂ ಕೈ ವಿಧಾನ ಬಹಳ ಅಗ್ಗ.

ಹೀಗಾಗಿ ಜಿಲ್ಲಾ ಮಟ್ಟದ ತರಬೇತಿಯಲ್ಲಿ ಯಂತ್ರದಷ್ಟೇ ಮಹತ್ವ ವಿವೇಚನೆಗೂ ದೊರೆಯಬೇಕಾಗಿದೆ. ಯಾವ ಕಣ್ಣಿಗೆ ಯಾವ ವಿಧಾನ, ಫೇಕೊ ಆರಂಭಿಸಿದ ಮೇಲೆ ಯಾವ ಹಂತದಲ್ಲಿ ನಿಲ್ಲಿಸಿ ಕೈ ವಿಧಾನಕ್ಕೆ ತಿರುಗಬೇಕು, ಹಿಂಪದರ ಹರಿದಾಗ ಗಾಬರಿಯಾಗದೆ ಮುಂದಿನ ಹೆಜ್ಜೆ ಯಾವುದು ಎಂಬುದು ಉಪನ್ಯಾಸ ಕೇಳಿ ಬರುವ ವಿದ್ಯೆಯಲ್ಲ. ಎರಡು ದಿನಗಳ ಸಮ್ಮೇಳನದಲ್ಲಿ ಪರದೆಯ ಮೇಲೆ ನೇರ ಶಸ್ತ್ರಚಿಕಿತ್ಸೆ ನೋಡಿ ಪ್ರಮಾಣಪತ್ರ ಪಡೆಯುವುದಕ್ಕೂ ತರಬೇತಿಗೂ ಅಂತರವಿದೆ.

ಕಲಿಕೆ ಯಾರ ಕಣ್ಣಿನ ಮೇಲೆ?

ಇಲ್ಲಿ ಎದುರಾಗುವುದು ಎಲ್ಲರೂ ಬಲ್ಲ, ಆದರೆ ಬಹಿರಂಗವಾಗಿ ಚರ್ಚಿಸದ ಪ್ರಶ್ನೆ. ಕಲಿಯುವ ಕೈಗೆ ಮೊದಲು ದೊರೆಯುವ ಕಣ್ಣು ಬಹುಮಟ್ಟಿಗೆ ಬಡವರದು. ಬೋಧನಾ ಆಸ್ಪತ್ರೆಗಳ ಉಚಿತ ವಿಭಾಗವೇ ಕಲಿಕೆಯ ಅಂಗಳ. ಹಿರಿಯರ ನಿಗಾ ಸರಿಯಾಗಿದ್ದರೆ ಇದರಲ್ಲಿ ಅನ್ಯಾಯವಿಲ್ಲ. ನಿಗಾ ಸಡಿಲವಾದರೆ ಕಲಿಕೆಯ ಬೆಲೆಯನ್ನು ರೋಗಿಯೇ ತೆರಬೇಕಾಗುತ್ತದೆ.

ಈ ಬೆಲೆಯನ್ನು ತಗ್ಗಿಸುವ ದಾರಿ ಇದೆ. ಮೇಕೆಯ ಕಣ್ಣುಗಳ ಮೇಲೆ ಅಭ್ಯಾಸ ಮಾಡಿಸುವ ಪ್ರಯೋಗಾಲಯಗಳು ಹಳೆಯ ಪದ್ಧತಿ. ಈಗ ವಿಮಾನ ಚಾಲಕರ ತರಬೇತಿಯಲ್ಲಿ ಬಳಸುವಂತಹ ಗಣಕೀಕೃತ ಅಣಕು ಯಂತ್ರಗಳು ಬಂದಿವೆ. ಬ್ರಿಟನ್ನಿನಲ್ಲಿ 2009ರಿಂದ 2015ರ ನಡುವೆ ಮೊದಲ ಹಾಗೂ ಎರಡನೇ ವರ್ಷದ ಕಲಿಕೆಯ ಶಸ್ತ್ರಚಿಕಿತ್ಸಕರ ಸುಮಾರು 18 ಸಾವಿರ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಗಮನಾರ್ಹ. ಅದರ ಪ್ರಕಾರ ಇಂತಹ ಯಂತ್ರಗಳು ಬಂದ ಮೇಲೆ ಹಿಂಪದರ ಹರಿಯುವ ಪ್ರಮಾಣ ಶೇ 4.2ರಿಂದ ಶೇ 2.6ಕ್ಕೆ ಇಳಿಯಿತು. ಯಂತ್ರ ದುಬಾರಿ ನಿಜ. ಆದರೆ ಪ್ರತಿ ಕಾಲೇಜಿಗೂ ಒಂದು ಬೇಕಿಲ್ಲ. ವಿಭಾಗಕ್ಕೊಂದು ಸಾಮಾನ್ಯ ಕೇಂದ್ರ ಸಾಕು. ಕಲಿತ ಕೌಶಲವನ್ನು ಹಂತಹಂತವಾಗಿ ಅಂಕ ನೀಡಿ ಅಳೆಯುವ ನಮೂನೆಗಳನ್ನು ಅಂತರರಾಷ್ಟ್ರೀಯ ನೇತ್ರವಿಜ್ಞಾನ ಮಂಡಳಿ ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿ ನೀಡಿದೆ. ಅವನ್ನು ಬಳಸಲು ಹಣವೂ ಬೇಕಿಲ್ಲ.

ಕೈ ಎಷ್ಟೇ ಪಳಗಿದರೂ ಕೋಣೆ ಸುರಕ್ಷಿತವಾಗಿರದಿದ್ದರೆ ಎಲ್ಲವೂ ವ್ಯರ್ಥ ಎಂಬ ಪಾಠವನ್ನೂ ರಾಜ್ಯ ಕಲಿತಿದೆ. 2019ರ ಜುಲೈನಲ್ಲಿ ಮಿಂಟೋ ಆಸ್ಪತ್ರೆಯಲ್ಲಿ ಒಂದೇ ದಿನ ಪೊರೆ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸೋಂಕು ಕಾಣಿಸಿಕೊಂಡು ಹಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ದ್ರಾವಣದ ಮೇಲೆ ಅನುಮಾನ ವ್ಯಕ್ತವಾಯಿತು. ಕಠಿಣ ಪ್ರಕರಣಗಳಲ್ಲಿ ಕಣ್ಣು ತೆರೆದಿರುವ ಅವಧಿ ಹೆಚ್ಚು, ಬಳಸುವ ಸಾಮಗ್ರಿಗಳೂ ಹೆಚ್ಚು. ಆದ್ದರಿಂದ ಉನ್ನತ ತರಬೇತಿ ಎಂದರೆ ಶಸ್ತ್ರಚಿಕಿತ್ಸಕರಿಗೆ ಮಾತ್ರ ನೀಡುವ ತರಬೇತಿಯಲ್ಲ. ಶುಶ್ರೂಷಕರು, ನೇತ್ರ ಸಹಾಯಕರು, ಸಾಮಗ್ರಿ ಖರೀದಿಸುವವರು ಎಲ್ಲರೂ ಅದರ ವ್ಯಾಪ್ತಿಗೆ ಬರಬೇಕು.

ಆಗಬೇಕಾದುದೇನು?

ಚಿಕ್ಕಬಳ್ಳಾಪುರ ಜಿಲ್ಲೆಗೆ ಈಗ ಕೆಲವು ಅನುಕೂಲಗಳಿವೆ. ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2023ರಲ್ಲಿ ಇನ್ನೊಂದು ವೈದ್ಯಕೀಯ ಕಾಲೇಜು ಉದ್ಘಾಟನೆಯಾಗಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಿ ಸೇವೆ ಸಲ್ಲಿಸುವ ಜಿಲ್ಲಾ ರೆಸಿಡೆನ್ಸಿ ನಿಯಮವೂ 2020ರಲ್ಲಿ ರೂಪುಗೊಂಡಿದೆ. ಬೆಂಗಳೂರಿನ ಸಾಮೀಪ್ಯ ಇದುವರೆಗೆ ರೋಗಿಗಳನ್ನು ಅತ್ತ ಕಳುಹಿಸಲು ನೆಪವಾಗಿತ್ತು. ಅದೇ ಸಾಮೀಪ್ಯವನ್ನು ತಜ್ಞರನ್ನು ಇತ್ತ ಕರೆತರಲು ಬಳಸಬಹುದು.

ಮಿಂಟೋದಂತಹ ಸಂಸ್ಥೆಯ ಹಿರಿಯ ಶಸ್ತ್ರಚಿಕಿತ್ಸಕರು ತಿಂಗಳಿಗೆ ಎರಡು ನಿಗದಿತ ದಿನ ಜಿಲ್ಲಾ ಕೇಂದ್ರಕ್ಕೆ ಬಂದು, ಅಲ್ಲಿಯ ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಠಿಣ ಪೊರೆಗಳನ್ನು ನಿರ್ವಹಿಸಿದರೆ ರೋಗಿಗೆ ಚಿಕಿತ್ಸೆಯೂ ವೈದ್ಯರಿಗೆ ತರಬೇತಿಯೂ ಒಟ್ಟಿಗೆ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯ ಏಕೈಕ ನೇತ್ರತಜ್ಞರನ್ನು ತಿಂಗಳುಗಟ್ಟಲೆ ದೂರದ ತರಬೇತಿಗೆ ಕಳುಹಿಸಿದರೆ ಆ ತಾಲ್ಲೂಕಿನ ಚಿಕಿತ್ಸೆಯೇ ನಿಲ್ಲುತ್ತದೆ ಎಂಬ ಆಕ್ಷೇಪಕ್ಕೂ ಇದರಲ್ಲಿ ಉತ್ತರವಿದೆ. ತರಬೇತಿ ಪಡೆದವರನ್ನು ಮರುವರ್ಷವೇ ಉಪಕರಣಗಳಿಲ್ಲದ ಊರಿಗೆ ವರ್ಗ ಮಾಡದಿರುವುದು ಎರಡನೆಯ ಅಗತ್ಯ. ಬಣ್ಣ, ಕೊಕ್ಕೆ, ಉಂಗುರ, ಹಿಂದ್ರವ ಕತ್ತರಿಸುವ ಯಂತ್ರ ಇಲ್ಲದೆಡೆ ಕಲಿತ ವಿದ್ಯೆ ತುಕ್ಕು ಹಿಡಿಯುತ್ತದೆ. ಮೂರನೆಯದಾಗಿ, ಕಠಿಣ ಪ್ರಕರಣಗಳನ್ನು ಗುರಿ ಸಾಧನೆಯಲ್ಲಿ ಪ್ರತ್ಯೇಕವಾಗಿ ಎಣಿಸಿ, ಅವುಗಳಿಗೆ ತಕ್ಕ ನೆರವಿನ ದರ ನಿಗದಿಪಡಿಸಬೇಕು. ನಾಲ್ಕನೆಯದಾಗಿ, ಪ್ರತಿ ಕೇಂದ್ರವೂ ಶಸ್ತ್ರಚಿಕಿತ್ಸೆಯ ಸಂಖ್ಯೆಯ ಜೊತೆಗೆ ನಂತರದ ದೃಷ್ಟಿಯ ಲೆಕ್ಕವನ್ನೂ ಪ್ರಕಟಿಸಬೇಕು. ನೂರರಲ್ಲಿ ಕನಿಷ್ಠ 80 ಕಣ್ಣುಗಳಿಗೆ ಉತ್ತಮ ದೃಷ್ಟಿ ಬರಬೇಕು, ಕಳಪೆ ಫಲಿತಾಂಶ ಶೇ 5ನ್ನು ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಹಳೆಯದೇ. ಅದನ್ನು ಜಿಲ್ಲಾವಾರು ಅನ್ವಯಿಸಿ ಜನರ ಮುಂದಿಡುವುದಕ್ಕೆ ಹೊಸ ಕಾನೂನಿನ ಅಗತ್ಯವೂ ಇಲ್ಲ.

ಇವೆಲ್ಲದರ ಜೊತೆಗೆ, 'ಹಣ್ಣಾಗಲಿ' ಎಂದು ಕಾಯಬೇಡಿ ಎಂಬ ಒಂದೇ ಮಾತನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಮುಟ್ಟಿಸಿದರೆ ನಾಳೆಯ ಕಠಿಣ ಪೊರೆಗಳಲ್ಲಿ ಹಲವು ಇಂದೇ ಸರಳವಾಗಿ ಮುಗಿಯುತ್ತವೆ. ಹುಟ್ಟಿನಿಂದಲೇ ಪೊರೆಯಿರುವ ಶಿಶುಗಳ ವಿಷಯದಲ್ಲಂತೂ ವಿಳಂಬ ಸಲ್ಲದು. ಮೊದಲ ತಿಂಗಳುಗಳಲ್ಲಿ ಚಿಕಿತ್ಸೆ ದೊರೆಯದಿದ್ದರೆ ಮೆದುಳು ನೋಡುವುದನ್ನೇ ಕಲಿಯುವುದಿಲ್ಲ.

ಅಂಧತ್ವ ನಿವಾರಣೆಯ ಮೊದಲ ಹಂತದಲ್ಲಿ ಸಂಖ್ಯೆ ಮುಖ್ಯವಾಗಿತ್ತು. ಆ ಹಂತವನ್ನು ರಾಜ್ಯ ಬಹುಮಟ್ಟಿಗೆ ದಾಟಿದೆ. ಉಳಿದಿರುವವರ ಸಂಖ್ಯೆ ಕಡಿಮೆಯಿರಬಹುದು, ಆದರೆ ಅವರು ದೂರದಲ್ಲಿದ್ದಾರೆ, ವಯಸ್ಸಾದವರಾಗಿದ್ದಾರೆ, ಅವರ ಕಣ್ಣುಗಳು ಸುಲಭವಾಗಿ ಕೈಗೆ ಬರುವಂಥವಲ್ಲ. ಮುಂದಿನ ಬಜೆಟ್ಟಿನಲ್ಲಿ ತಪಾಸಣಾ ವಾಹನಗಳಿಗೆ ನೀಡುವ ಆದ್ಯತೆಯ ಒಂದು ಪಾಲನ್ನಾದರೂ ಜಿಲ್ಲಾ ಶಸ್ತ್ರಚಿಕಿತ್ಸಕರ ತರಬೇತಿಗೆ ನೀಡಿದರೆ, ಸಾದಲಿಯಿಂದ ಹೊರಡುವ ಚೀಟಿಯ ಪಯಣ ಚಿಕ್ಕಬಳ್ಳಾಪುರದಲ್ಲಿಯೇ ಮುಗಿಯಬಹುದು.